ಕ್ಲಿನಿಕ್ಕನ್ನೇ ಕಾರಿಗೆ ತುಂಬಿಕೊಂಡು ಹೊರಟ ಡಾಕ್ಟರ್

2024ರ ಜುಲೈನಲ್ಲಿ ಕಮಲಾ ಹ್ಯಾರಿಸ್ ಡಲ್ಲಾಸ್ ನಗರದ ಒಂದು ದೊಡ್ಡ ಸಭೆಯಲ್ಲಿ ಮಾತಾಡಿದರು. ಸಭಾಂಗಣದಲ್ಲಿ ಸಾವಿರಾರು ಕಪ್ಪು ಮಹಿಳೆಯರು. ಎಲ್ಲಿ ನೋಡಿದರೂ ಗುಲಾಬಿ, ತಿಳಿಹಸಿರು. ಕೊರಳಲ್ಲಿ ಮುತ್ತಿನ ಸರ. ಆ ವಿಡಿಯೊ ನೋಡಿದ ನಮ್ಮ ಕಡೆಯವರಿಗೆ ಇದೇನಪ್ಪಾ, ಯಾವುದೋ ಮಹಿಳಾ ಸಮಾಜದ ವಾರ್ಷಿಕೋತ್ಸವವಾ ಅನ್ನಿಸಿದ್ದರೆ ತಪ್ಪೇನಿಲ್ಲ.

ಅದು ಆಲ್ಫಾ ಕಪ್ಪಾ ಆಲ್ಫಾ ಎಂಬ ಸಂಘ. ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಇಂಥ ಕಾಲೇಜು ಹೆಣ್ಣುಮಕ್ಕಳ ಸಂಘಗಳಿಗೆ ಅಮೆರಿಕದಲ್ಲಿ ಸೊರೋರಿಟಿ ಅಂತಾರೆ. ಅಕ್ಕತಂಗಿಯರ ಕೂಟ ಅಂದುಕೊಳ್ಳಿ. ಹ್ಯಾರಿಸ್ 1986ರಲ್ಲಿ, ವಾಷಿಂಗ್ಟನ್‌ನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಈ ಸಂಘ ಸೇರಿದವರು. ಬಿಳಿಯರ ಕಾಲೇಜುಗಳಲ್ಲಿ ಸೊರೋರಿಟಿ ಅಂದರೆ ಹೆಚ್ಚಾಗಿ ಓದುವ ನಾಲ್ಕು ವರ್ಷದ ಗೆಳೆತನ, ಪಾರ್ಟಿ, ಒಟ್ಟಿಗೆ ಇರುವ ಮನೆ. ಕಪ್ಪು ಮಹಿಳೆಯರ ಸೊರೋರಿಟಿಗಳು ಹಾಗಲ್ಲ. ಸದಸ್ಯತ್ವ ಜೀವನಪೂರ್ತಿ. ಡಿಗ್ರಿ ಮುಗಿದ ಮೇಲೇ ಅಸಲಿ ಕೆಲಸ ಶುರು.

ಹಾಗಂತ ಎಲ್ಲರೂ ಇದನ್ನು ಒಪ್ಪಲ್ಲ. ಹೊವಾರ್ಡ್‌ನಲ್ಲೇ ಪಾಠ ಮಾಡುತ್ತಿದ್ದ ಸಮಾಜಶಾಸ್ತ್ರಜ್ಞ ಇ. ಫ್ರಾಂಕ್ಲಿನ್ ಫ್ರೇಜಿಯರ್ ಕಪ್ಪು ಮಧ್ಯಮವರ್ಗದ ಬಗ್ಗೆ ಬರೆದ ಪುಸ್ತಕ 1957ರಲ್ಲಿ ಇಂಗ್ಲಿಷಿನಲ್ಲಿ ಬಂತು. ಇಂಥ ಸಂಘಗಳನ್ನು ಅವರು ಅದರಲ್ಲಿ ಚೆನ್ನಾಗಿ ಝಾಡಿಸಿದರು. ಬಿಳಿಯರನ್ನು ನಕಲು ಮಾಡುವುದು, ನೃತ್ಯಕೂಟ, ಬಟ್ಟೆ, ಅಂತಸ್ತಿನ ಪ್ರದರ್ಶನ ಇಷ್ಟೇ ಇವರ ಹಣೆಬರಹ ಅನ್ನೋದು ಅವರ ವಾದದ ತಿರುಳು. ಆ ಮಾತಲ್ಲಿ ಹುರುಳಿಲ್ಲ ಅಂತ ತಳ್ಳಿಹಾಕಲಾಗದು. ಓದಿದವರ ಯಾವ ಸಂಘವನ್ನೇ ತೆಗೆದುಕೊಳ್ಳಿ, ಸೇವೆ ಅನ್ನೋ ಪದ ಬೈಲಾದಲ್ಲಿ ಇದ್ದೇ ಇರುತ್ತೆ. ಅದು ಬೈಲಾದಿಂದ ಕೆಳಗಿಳಿದು ಬೀದಿಗೆ ಬಂತಾ ಅನ್ನೋದು ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ವಾದಕ್ಕಿಂತ ಒಂದು ಬದುಕನ್ನು ನೋಡುವುದು ಒಳ್ಳೆಯದು. ಆ ಬದುಕು ಡಾ. ಡೊರೊತಿ ಬೋಲ್ಡಿಂಗ್ ಫೆರೆಬಿ ಅವರದ್ದು.

1908ರ ಹೊವಾರ್ಡ್

ಮೊದಲು ಸಂಘದ ಕಥೆ. ಹೊವಾರ್ಡ್ ವಿಶ್ವವಿದ್ಯಾಲಯ ಶುರುವಾದದ್ದು 1867ರಲ್ಲಿ, ಗುಲಾಮಗಿರಿ ಕಾನೂನುಬದ್ಧವಾಗಿ ಕೊನೆಗೊಂಡ ಎರಡೇ ವರ್ಷಕ್ಕೆ. 1908ರ ಹೊತ್ತಿಗೆ ಅಲ್ಲಿ ಓದುತ್ತಿದ್ದ ಹುಡುಗಿಯರು ಗುಲಾಮಗಿರಿ ಕಂಡವರ ಮಕ್ಕಳು, ಮೊಮ್ಮಕ್ಕಳ ತಲೆಮಾರು. ಆಗ ಅಮೆರಿಕದಲ್ಲಿ ಕಪ್ಪು ಹೆಣ್ಣುಮಗಳೊಬ್ಬಳು ಕಾಲೇಜು ಮೆಟ್ಟಿಲು ಹತ್ತುವುದು ಎಷ್ಟು ಅಪರೂಪ ಅಂದ್ರೆ, ಹತ್ತಿದ ಪ್ರತಿಯೊಬ್ಬಳೂ ತನ್ನ ಹಿಂದೆ ಉಳಿದ ಸಾವಿರಾರು ಮಂದಿಯ ಲೆಕ್ಕ ಹೊತ್ತುಕೊಂಡೇ ಕೂರಬೇಕಿತ್ತು.

ಸೇಂಟ್ ಲೂಯಿಸ್‌ನಿಂದ ಸ್ಕಾಲರ್‌ಶಿಪ್ ಮೇಲೆ ಬಂದಿದ್ದ ಎಥೆಲ್ ಹೆಜ್‌ಮನ್ ಎಂಬ ವಿದ್ಯಾರ್ಥಿನಿಯ ಮುಂದಾಳತ್ವದಲ್ಲಿ 1908ರ ಜನವರಿ 15ರಂದು ಒಂಬತ್ತು ಹುಡುಗಿಯರು ಸೇರಿ ಆಲ್ಫಾ ಕಪ್ಪಾ ಆಲ್ಫಾ ಶುರು ಮಾಡಿದರು. ಕಪ್ಪು ಮಹಿಳೆಯರು ಕಟ್ಟಿದ ಮೊದಲ ಗ್ರೀಕ್ ಅಕ್ಷರದ ಸೊರೋರಿಟಿ ಇದು. ಮತ್ತೆ ಏಳು ಮಂದಿ ಸೇರಿಕೊಂಡರು. 1913ರಲ್ಲಿ ಸಂಘವನ್ನು ಕಾನೂನು ಪ್ರಕಾರ ನೋಂದಾಯಿಸಿದ ನಾಲ್ವರನ್ನೂ ಸೇರಿಸಿ ಒಟ್ಟು 20 ಮಂದಿ ಸ್ಥಾಪಕಿಯರು ಅಂತ ಲೆಕ್ಕ. ಸದಸ್ಯೆಯರ ಕೊರಳಿನ 20 ಮುತ್ತುಗಳ ಸರ ಅವರ ನೆನಪಿಗೆ.

ಸ್ಥಾಪಕಿಯರು ಇಟ್ಟುಕೊಂಡ ಗುರಿಗಳು ಸರಳ. ಓದಿನಲ್ಲಿ ಮತ್ತು ನಡತೆಯಲ್ಲಿ ಎತ್ತರದ ಮಟ್ಟ. ಕಾಲೇಜು ಹೆಣ್ಣುಮಕ್ಕಳ ನಡುವೆ ಒಗ್ಗಟ್ಟು. ಹೆಣ್ಣುಮಕ್ಕಳ ಕಷ್ಟಗಳನ್ನು ಕಡಿಮೆ ಮಾಡುವುದು. ಕಡೆಗೆ, ಎಲ್ಲ ಮನುಷ್ಯರ ಸೇವೆ. ಈ 20 ಮಂದಿಯಲ್ಲಿ ಒಬ್ಬರಾದ ಲೂಸಿ ಡಿಗ್ಸ್ ಸ್ಲೋ ಅವರನ್ನೇ ನೋಡಿ. 1917ರಲ್ಲಿ ಕಪ್ಪು ಆಟಗಾರರ ರಾಷ್ಟ್ರೀಯ ಟೆನಿಸ್ ಟೂರ್ನಿಯಲ್ಲಿ ಚಾಂಪಿಯನ್, 1922ರಲ್ಲಿ ಹೊವಾರ್ಡ್‌ನ ವಿದ್ಯಾರ್ಥಿನಿಯರ ಡೀನ್.

ಎಲ್ಲವೂ ಸಲೀಸಾಗಿರಲಿಲ್ಲ. ಸಂಘ ಹುಟ್ಟಿ ಐದು ವರ್ಷ ತುಂಬುವಷ್ಟರಲ್ಲಿ ಒಡಕು ಬಂತು. ಹೆಸರು, ಬಣ್ಣ, ದಿಕ್ಕು ಎಲ್ಲ ಬದಲಾಗಬೇಕು, ರಾಜಕೀಯದಲ್ಲೂ ಕೈ ಹಾಕಬೇಕು ಅಂತಿದ್ದ 22 ವಿದ್ಯಾರ್ಥಿನಿಯರು 1913ರ ಜನವರಿಯಲ್ಲಿ ಹೊರಬಂದು ಡೆಲ್ಟಾ ಸಿಗ್ಮಾ ಥೀಟಾ ಕಟ್ಟಿದರು. ಎರಡು ತಿಂಗಳೂ ಕಳೆದಿಲ್ಲ, ಮಾರ್ಚ್ 3ರಂದು ವಾಷಿಂಗ್ಟನ್‌ನಲ್ಲಿ ಮಹಿಳೆಯರ ಮತದಾನದ ಹಕ್ಕಿಗಾಗಿ ನಡೆದ ದೊಡ್ಡ ಮೆರವಣಿಗೆಯಲ್ಲಿ ಅವರು ಹೆಜ್ಜೆ ಹಾಕಿದರು. ಅಂದ್ರೆ, ಸೇವೆ ಸಾಕಾ, ಹಕ್ಕಿನ ಹೋರಾಟವೂ ಬೇಕಾ ಅನ್ನೋ ಜಗಳ ಈ ಸಂಘಗಳ ತೊಟ್ಟಿಲಲ್ಲೇ ಇತ್ತು. ಈ ಜಗಳವನ್ನು ನೆನಪಲ್ಲಿಟ್ಟುಕೊಳ್ಳಿ. ಫೆರೆಬಿ ಬದುಕಿನಲ್ಲಿ ಇದು ಮತ್ತೆ ಎದುರಾಗುತ್ತೆ.

ಮುಚ್ಚಿದ ಬಾಗಿಲುಗಳು

ಡೊರೊತಿ ಹುಟ್ಟಿದ್ದು 1898ರ ಅಕ್ಟೋಬರ್ 10ರಂದು, ವರ್ಜೀನಿಯಾದ ನಾರ್ಫೋಕ್‌ನಲ್ಲಿ. ಅಪ್ಪ ರೈಲ್ವೆ ಅಂಚೆ ಇಲಾಖೆಯಲ್ಲಿ ನೌಕರ. ತಾಯಿಯ ಕಡೆಯವರು ಬಾಸ್ಟನ್‌ನ ರಫಿನ್ ಮನೆತನ. ಹಾರ್ವರ್ಡ್ ಕಾನೂನು ಕಾಲೇಜಿನಿಂದ ಪಾಸಾದ ಮೊದಲ ಕಪ್ಪು ಮನುಷ್ಯ ಜಾರ್ಜ್ ರಫಿನ್, ಕಪ್ಪು ಮಹಿಳೆಯರ ಕ್ಲಬ್ ಚಳವಳಿಯ ಹಿರಿಯಕ್ಕ ಜೋಸೆಫಿನ್ ಸೇಂಟ್ ಪಿಯರ್ ರಫಿನ್ ಇಬ್ಬರೂ ಇದೇ ಬಳಗ. ತಾಯಿಗೆ ಕಾಯಿಲೆಯಾದಾಗ ಹುಡುಗಿಯನ್ನು ಬಾಸ್ಟನ್‌ಗೆ ಕಳಿಸಿದರು. ಮನೆತನದ ತುಂಬ ವಕೀಲರು. ಈ ಹುಡುಗಿಗೆ ಮಾತ್ರ ಚಿಕ್ಕಂದಿನಿಂದಲೂ ಡಾಕ್ಟರ್ ಆಗೋ ಹುಚ್ಚು. ಮರದಿಂದ ಬಿದ್ದ ಹಕ್ಕಿ, ಕಚ್ಚಾಡಿ ಗಾಯ ಮಾಡಿಕೊಂಡ ನಾಯಿ ಇವೇ ಅವಳ ಮೊದಲ ಪೇಷಂಟುಗಳು.

1920ರಲ್ಲಿ ಸಿಮ್ಮನ್ಸ್ ಕಾಲೇಜು ಮುಗಿಸಿ ಟಫ್ಟ್ಸ್ ಮೆಡಿಕಲ್ ಕಾಲೇಜು ಸೇರಿದರು. 137 ಮಂದಿಯ ತರಗತಿಯಲ್ಲಿ ಹೆಣ್ಣುಮಕ್ಕಳು ಐದೇ ಐದು. ವಾರ್ಡ್ ಡ್ಯೂಟಿ ಹಂಚುವಾಗ ಹುಡುಗಿಯರ ಸರದಿ ಯಾವಾಗಲೂ ಕೊನೆಗೆ. ಆ ಐವರಲ್ಲೂ ಡೊರೊತಿ ಸರದಿ ಎಲ್ಲರಿಗಿಂತ ಕೊನೆಗೆ, ಯಾಕಂದ್ರೆ ಅವರು ಕಪ್ಪು. ಅಷ್ಟಾದರೂ 1924ರಲ್ಲಿ ಅಗ್ರಶ್ರೇಣಿಯಲ್ಲಿ ಪಾಸಾದರು. ಆದರೆ ಮಾರ್ಕ್ಸ್ ಕಾರ್ಡು ಯಾವ ಬಾಗಿಲನ್ನೂ ತೆರೆಯಲಿಲ್ಲ. ಬಾಸ್ಟನ್‌ನ ಬಿಳಿಯರ ಆಸ್ಪತ್ರೆಗಳು ಇಂಟರ್ನ್‌ಶಿಪ್ ಕೊಡಲು ಒಪ್ಪಲಿಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾದವರಿಗೆಂದು 1862ರಲ್ಲಿ ಶುರುವಾಗಿದ್ದ ವಾಷಿಂಗ್ಟನ್‌ನ ಫ್ರೀಡ್‌ಮನ್ಸ್ ಆಸ್ಪತ್ರೆ ಅವರನ್ನು ತೆಗೆದುಕೊಂಡಿತು. ಮುಂದೆ ಹೊವಾರ್ಡ್‌ನ ಮೆಡಿಕಲ್ ಕಾಲೇಜಿನಲ್ಲಿ ಪ್ರಸೂತಿ ವಿಷಯ ಪಾಠ ಮಾಡುತ್ತ, ಸ್ವಂತ ಪ್ರಾಕ್ಟೀಸನ್ನೂ ಶುರುಮಾಡಿದರು. 1930ರಲ್ಲಿ ದಂತವೈದ್ಯ ಕ್ಲಾಡ್ ಫೆರೆಬಿ ಜತೆ ಮದುವೆ, ಮರುವರ್ಷ ಅವಳಿಜವಳಿ ಮಕ್ಕಳು.

ಆ ಕಾಲದಲ್ಲಿ ಆಸ್ಪತ್ರೆ ಬಾಗಿಲು ಮುಚ್ಚುವುದು ಅಂದರೆ ಏನು ಅನ್ನೋದಕ್ಕೆ ನಮ್ಮ ಮೈಸೂರನ್ನು ನೋಡಿಹೋಗಿದ್ದ ಒಬ್ಬರ ಸಾವೇ ಸಾಕ್ಷಿ. ಜೂಲಿಯೆಟ್ ಡೆರಿಕಾಟ್ ಅಂತ. ಡೆಲ್ಟಾ ಸಿಗ್ಮಾ ಥೀಟಾದ ಸದಸ್ಯೆ, ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿನಿಯರ ಡೀನ್. 1928ರಲ್ಲಿ ಮೈಸೂರಿನಲ್ಲಿ ನಡೆದ ವಿಶ್ವ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟದ ಸಭೆಗೆ ಅಮೆರಿಕದ ವಿದ್ಯಾರ್ಥಿಗಳ ಪ್ರತಿನಿಧಿಯಾಗಿ ಬಂದು, ಹಲವು ವಾರ ಭಾರತದಲ್ಲಿ ಇದ್ದು ಹೋಗಿದ್ದರು. ಮೂರು ವರ್ಷದ ನಂತರ, 1931ರ ನವೆಂಬರ್‌ನಲ್ಲಿ, ಜಾರ್ಜಿಯಾದ ಡಾಲ್ಟನ್ ಊರಿನ ಹತ್ತಿರ ಅವರ ಕಾರು ಅಪಘಾತಕ್ಕೀಡಾಯಿತು. ಊರಿನಲ್ಲಿ ಆಸ್ಪತ್ರೆ ಇತ್ತು. ಕಪ್ಪು ಜನರಿಗೆ ಅಲ್ಲಿ ಜಾಗವಿರಲಿಲ್ಲ. ಗಾಯಾಳುಗಳನ್ನು ಒಬ್ಬ ಕಪ್ಪು ಮಹಿಳೆಯ ಮನೆಯಲ್ಲಿ ಮಲಗಿಸಬೇಕಾಯಿತು. ಕೊನೆಗೆ ದೂರದ ಚಟನೂಗಾಗೆ ಸಾಗಿಸಿದರು. ಡೆರಿಕಾಟ್ ಉಳಿಯಲಿಲ್ಲ, ಜತೆಗಿದ್ದ ಒಬ್ಬ ವಿದ್ಯಾರ್ಥಿನಿಯೂ ಉಳಿಯಲಿಲ್ಲ. ಡೀನ್ ಹುದ್ದೆ, ಪ್ರಪಂಚ ಸುತ್ತಿದ ಅನುಭವ ಯಾವುದೂ ಆ ಬಾಗಿಲ ಮುಂದೆ ಲೆಕ್ಕಕ್ಕೆ ಬರಲಿಲ್ಲ.

ಓದಿದ, ನೆಲೆಯಿದ್ದ ಹೆಣ್ಣುಮಗಳ ಗತಿಯೇ ಇದು. ಹಾಗಾದರೆ ಹತ್ತಿ ಬಿಡಿಸುವವಳ ಕತೆ ಏನಿರಬೇಕು?

ಒಂದು ಬಾಟಲಿ ಹಾಲು

ಫೆರೆಬಿ ಅವರ ಮೊದಲ ದೊಡ್ಡ ಕೆಲಸ ಶುರುವಾದದ್ದು ಒಂದು ಕಳ್ಳತನದಿಂದ. ವಾಷಿಂಗ್ಟನ್‌ನ ಆಗ್ನೇಯ ಭಾಗದ ಬಡ ಬೀದಿಗಳಲ್ಲಿ ಅವರು ರೋಗಿಗಳನ್ನು ನೋಡುತ್ತಿದ್ದರು. ಅಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಹಾಲಿನ ಬಾಟಲಿ ಕದ್ದು ಪೊಲೀಸರ ಕೈಗೆ ಸಿಕ್ಕಿಬಿದ್ದ. ಅಮ್ಮ ಕೆಲಸಕ್ಕೆ ಹೋಗಿದ್ದಳು. ಮನೆಯಲ್ಲಿ ಹಸಿದ ತಮ್ಮನನ್ನು ನೋಡಿಕೊಳ್ಳುವ ಜವಾಬ್ದಾರಿ ಈ ಹುಡುಗನ ಮೇಲೆ.

ಹತ್ತಿರದಲ್ಲೇ ದುಡಿಯುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಒಂದು ಸಮುದಾಯ ಕೇಂದ್ರ ಇತ್ತು. ಬಿಳಿಯರಿಗೆ ಮಾತ್ರ. ಫೆರೆಬಿ ಹೋಗಿ ಕಪ್ಪು ಮಕ್ಕಳನ್ನೂ ಸೇರಿಸಿಕೊಳ್ಳಿ ಅಂತ ಕೇಳಿದರು. ಆಗಲ್ಲ ಅಂದರು. ಸರಿ, ಹಾಗಾದರೆ ನಮಗೇ ಒಂದು ಕಟ್ಟಲು ನೆರವಾಗಿ ಅಂತ ಪಟ್ಟು ಹಿಡಿದರು. 1929ರಲ್ಲಿ ಸೌತ್‌ಈಸ್ಟ್ ಸೆಟಲ್‌ಮೆಂಟ್ ಹೌಸ್ ಶುರುವಾಯಿತು. ಹಗಲು ಹೊತ್ತು ಮಕ್ಕಳಿಗೆ ಅನ್ನ, ಆಟ, ಆರೈಕೆ.

ಇಲ್ಲಿ ಫೆರೆಬಿ ಕೆಲಸ ಮಾಡುವ ರೀತಿ ಗಮನಿಸಿ. ಕಣ್ಣಿಗೆ ಬಿದ್ದದ್ದು ಕಳ್ಳತನ, ಅವರು ಹುಡುಕಿದ್ದು ಹಸಿವು. ಹಸಿವಿನ ಹಿಂದೆ ದುಡಿಯುವ ತಾಯಿಗೆ ಮಗುವನ್ನು ಬಿಡಲು ಜಾಗವಿಲ್ಲದ ಕಷ್ಟ. ಇಂಜಿನಿಯರಿಂಗ್‌ನಲ್ಲಿ ಯಂತ್ರ ಕೆಟ್ಟಾಗ ಯಾಕೆ, ಯಾಕೆ ಅಂತ ಕೇಳುತ್ತಲೇ ಹೋಗಿ ಮೂಲಕ್ಕೆ ಮುಟ್ಟಬೇಕು ಅಂತ ಕಲಿಸ್ತಾರಲ್ಲ, ಹಾಗೆ. ಈ ಅಭ್ಯಾಸವೇ ಅವರನ್ನು ಮಿಸಿಸಿಪ್ಪಿಯ ಹತ್ತಿ ಹೊಲಗಳ ತನಕ ಕರೆದೊಯ್ದಿತು.

ಪಾಠ ಹೇಳಲು ಹೋದವರು ಕಂಡದ್ದು

ಮಿಸಿಸಿಪ್ಪಿಯ ದಾರಿ ತೋರಿಸಿದವರು ಆಲ್ಫಾ ಕಪ್ಪಾ ಆಲ್ಫಾದ ಆಗಿನ ರಾಷ್ಟ್ರೀಯ ಅಧ್ಯಕ್ಷೆ ಐಡಾ ಲೂಯಿಸ್ ಜಾಕ್ಸನ್. ಹುಟ್ಟಿದ್ದು ಮಿಸಿಸಿಪ್ಪಿಯ ವಿಕ್ಸ್‌ಬರ್ಗ್‌ನಲ್ಲಿ. ಕ್ಯಾಲಿಫೋರ್ನಿಯಾಗೆ ಹೋಗಿ ಬರ್ಕ್ಲಿಯಲ್ಲಿ ಓದಿ, ಓಕ್‌ಲೆಂಡ್‌ನ ಸರ್ಕಾರಿ ಶಾಲೆಗಳ ಮೊದಲ ಕಪ್ಪು ಶಿಕ್ಷಕಿಯಾದವರು. ಮಹಾ ಆರ್ಥಿಕ ಕುಸಿತದ ಕಾಲ ಅದು. ಸಂಘದ ದುಡ್ಡು, ಸದಸ್ಯೆಯರ ಬೇಸಿಗೆ ರಜೆ ಎರಡನ್ನೂ ದಕ್ಷಿಣದ ಹಳ್ಳಿಗಳಿಗೆ ಹಾಕೋಣ ಅಂತ ಜಾಕ್ಸನ್ ಸಂಘವನ್ನು ಒಪ್ಪಿಸಿದರು.

1934ರ ಬೇಸಿಗೆಯಲ್ಲಿ ಹೋಮ್ಸ್ ಕೌಂಟಿಯ ಲೆಕ್ಸಿಂಗ್ಟನ್‌ನಲ್ಲಿ ಹಳ್ಳಿ ಮೇಷ್ಟ್ರುಗಳಿಗೆ ತರಬೇತಿ ಶಾಲೆ ನಡೆಸಿದರು. ಅರೀನಿಯಾ ಮ್ಯಾಲರಿ ನಡೆಸುತ್ತಿದ್ದ ಒಂದು ಕಪ್ಪು ಜನರ ಶಾಲೆ ಅದಕ್ಕೆ ಜಾಗ ಕೊಟ್ಟಿತು. ಪಾಠ ಹೇಳಲು ಹೋದವರಿಗೆ ಅಲ್ಲಿ ಬೇರೆಯದೇ ಪಾಠವಾಯಿತು. ಜ್ವರದಲ್ಲಿ ನಡುಗುವ ಮಗುವಿಗೆ, ಹೊಟ್ಟೆಗಿಲ್ಲದ ಮಗುವಿಗೆ ಅಕ್ಷರ ಹತ್ತುವುದಾದರೂ ಹೇಗೆ? ಮೊದಲು ಆರೋಗ್ಯ, ಆಮೇಲೆ ಅಕ್ಷರ ಅಂತ ಜಾಕ್ಸನ್ ನಿರ್ಧರಿಸಿದರು. ಮರುವರ್ಷದಿಂದ ಮಿಸಿಸಿಪ್ಪಿ ಆರೋಗ್ಯ ಯೋಜನೆ. ಅದರ ವೈದ್ಯಕೀಯ ನಿರ್ದೇಶಕಿ ಡಾ. ಫೆರೆಬಿ. ಆಗ ಅವರ ಅವಳಿ ಮಕ್ಕಳಿಗೆ ನಾಲ್ಕು ವರ್ಷ.

1935ರಲ್ಲಿ ವಾಷಿಂಗ್ಟನ್‌ನಿಂದ ಹೊರಟರು. ಡಾಕ್ಟರು, ನರ್ಸುಗಳು, ಶಿಕ್ಷಕಿಯರ ಒಂದು ಚಿಕ್ಕ ತಂಡ. ಯಾರಿಗೂ ಸಂಬಳವಿಲ್ಲ. ದಕ್ಷಿಣದ ರೈಲುಗಳಲ್ಲಿ ಕಪ್ಪು ಮಹಿಳೆಯರು ಮರ್ಯಾದೆಯಿಂದ ಪಯಣಿಸುವ ಹಾಗಿರಲಿಲ್ಲ. ಹಾಗಾಗಿ ತಮ್ಮದೇ ಕಾರುಗಳಲ್ಲಿ, ಸುಮಾರು 1,600 ಕಿಲೋಮೀಟರ್. ದಾರಿಯಲ್ಲಿ ಹೋಟೆಲು ರೂಮು ಕೊಡಲ್ಲ, ಪೆಟ್ರೋಲ್ ಬಂಕಿನವರು ಪೆಟ್ರೋಲ್ ಮಾರಿದರೂ ಶೌಚಾಲಯಕ್ಕೆ ಬಿಡಲ್ಲ. ಕಪ್ಪು ಪ್ರಯಾಣಿಕರು ಎಲ್ಲಿ ತಂಗಬಹುದು ಅಂತ ಪಟ್ಟಿ ಕೊಡುವ ಗ್ರೀನ್ ಬುಕ್ ಎಂಬ ಕೈಪಿಡಿ ಅಚ್ಚಾಗಿದ್ದೇ ಮರುವರ್ಷ, 1936ರಲ್ಲಿ. ಹಗಲು ರಾತ್ರಿ ಓಡಿಸುತ್ತ, ಪರಿಚಯದವರ ಮನೆಗಳಲ್ಲಿ ತಂಗುತ್ತ ಮುಟ್ಟಿದರು.

ಪ್ಲಾನ್ ಕೈಕೊಟ್ಟಾಗ

ಫೆರೆಬಿ ಅವರ ಮೂಲ ಯೋಜನೆ ಅಚ್ಚುಕಟ್ಟಾಗಿತ್ತು. ಕೌಂಟಿಯಲ್ಲಿ ಐದು ಕಡೆ ಕ್ಲಿನಿಕ್ ತೆರೆಯುವುದು, ಸುತ್ತಲಿನ ಜನ ಅಲ್ಲಿಗೆ ಬರುವುದು. ಕಾಗದದ ಮೇಲೆ ಏನೂ ತಪ್ಪಿಲ್ಲ.

ಜನ ಬರಲಿಲ್ಲ. ಬರಲು ಬಿಡಲಿಲ್ಲ.

ಇದು ಅರ್ಥವಾಗಬೇಕಾದರೆ ಅಲ್ಲಿನ ಬೇಸಾಯದ ಕ್ರಮ ಗೊತ್ತಿರಬೇಕು. ಗುಲಾಮಗಿರಿ ಹೋದ ಮೇಲೂ ಭೂಮಿ ಹಳೇ ಧಣಿಗಳ ಕೈಯಲ್ಲೇ ಉಳಿಯಿತು. ಕಪ್ಪು ಕುಟುಂಬಗಳು ಅದೇ ಹೊಲವನ್ನು ಕೋರಿಗೆ, ಅಂದ್ರೆ ಬೆಳೆಯ ಪಾಲಿಗೆ, ಮಾಡತೊಡಗಿದವು. ಬೀಜ, ನೇಗಿಲು, ಹಿಟ್ಟು, ಬಟ್ಟೆ ಎಲ್ಲ ಧಣಿಯ ಅಂಗಡಿಯಿಂದಲೇ ಸಾಲ. ಲೆಕ್ಕದ ಪುಸ್ತಕ ಬರೆಯುವವನೂ ಧಣಿಯೇ. ಸುಗ್ಗಿ ಮುಗಿದಾಗ ಕೈಗೆ ಬರುವುದು ಬಾಕಿಯ ಚೀಟಿ. ಸಾಲ ತೀರದೆ ಜಾಗ ಬಿಟ್ಟು ಹೋಗುವಂತಿಲ್ಲ. ಸಾಲ ತೀರುವುದೂ ಇಲ್ಲ.

ಇಂಥಾ ಕಡೆ ವಾಷಿಂಗ್ಟನ್‌ನಿಂದ ಕಾರಿನಲ್ಲಿ ಬಂದ, ಓದಿದ ಕಪ್ಪು ಹೆಂಗಸರನ್ನು ನೋಡಿದರೆ ಧಣಿಗಳಿಗೆ ಏನನ್ನಿಸಬೇಕು? ಪಕ್ಕದ ಅರ್ಕನ್ಸಾಸ್‌ನಲ್ಲಿ 1934ರಲ್ಲಷ್ಟೇ ಕಪ್ಪು ಬಿಳಿ ಎರಡೂ ಬಣ್ಣದ ಕೋರು ರೈತರು ಸೇರಿ ಯೂನಿಯನ್ ಕಟ್ಟಿದ್ದರು. ಇವರೂ ಕೂಲಿಗಳ ತಲೆ ಕೆಡಿಸಲು ಬಂದವರೇ ಇರಬೇಕು ಅನ್ನೋ ಗುಮಾನಿ. ಆಳುಗಳು ಹೊಲ ಬಿಟ್ಟು ಕ್ಲಿನಿಕ್ಕಿಗೆ ಹೋಗುವಂತಿಲ್ಲ ಅಂತ ಅಪ್ಪಣೆಯಾಯಿತು.

ಇಲ್ಲಿ ಎರಡು ದಾರಿ ಇದ್ದವು. ನಾವು ಬಂದೆವು, ಅವರು ಬಿಡಲಿಲ್ಲ ಅಂತ ವರದಿ ಬರೆದು ವಾಪಸ್ ಹೋಗುವುದು ಒಂದು. ಫೆರೆಬಿ ಇನ್ನೊಂದನ್ನು ಹಿಡಿದರು. ಜನ ಬರುವ ಹಾಗಿಲ್ಲದಿದ್ದರೆ ನಾವೇ ಹೋಗೋಣ. ಧಣಿಗಳ ಜತೆ ಮಾತಾಡಿ, ಹೊಲದ ಅಂಚಿಗೇ ಬರ್ತೀವಿ, ಕೆಲಸಕ್ಕೆ ತೊಂದರೆಯಿಲ್ಲ ಅಂತ ಒಪ್ಪಿಸಿದರು. ಬಂದಿದ್ದ ಕಾರುಗಳಿಗೇ ಲಸಿಕೆ, ಔಷಧಿ, ಮಡಚುವ ಮೇಜು, ಬಿಳಿ ಬಟ್ಟೆ ಎಲ್ಲ ತುಂಬಿದರು. ಮರದ ನೆರಳು, ಚರ್ಚಿನ ಅಂಗಳ, ಹಳೇ ಕೊಟ್ಟಿಗೆ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಕ್ಲಿನಿಕ್. ಅಮೆರಿಕದ ಮೊದಲ ಸಂಚಾರಿ ಆರೋಗ್ಯ ಕ್ಲಿನಿಕ್‌ಗಳಲ್ಲಿ ಒಂದು ಅಂತ ಇವತ್ತು ಇದನ್ನು ಗುರುತಿಸುತ್ತಾರೆ. ಅದು ಹುಟ್ಟಿದ್ದು ಮಾತ್ರ ಧಣಿಗಳ ಅಡ್ಡಗಾಲಿನಿಂದ.

ಮೇಜಿನ ಸುತ್ತ ಕುದುರೆಯೇರಿದ ಮೇಸ್ತ್ರಿಗಳು, ಸೊಂಟದಲ್ಲಿ ಪಿಸ್ತೂಲು. ಡಾಕ್ಟರು ರೋಗಿಗೆ ಏನು ಕೇಳ್ತಾರೆ, ರೋಗಿ ಏನು ಹೇಳ್ತಾನೆ ಅನ್ನೋದರ ಮೇಲೆ ಅವರ ಕಿವಿ. ಅದರ ನಡುವೆಯೇ ಮಕ್ಕಳಿಗೆ ಸಿಡುಬು, ಡಿಫ್ತೀರಿಯಾ ಲಸಿಕೆ. ಮಲೇರಿಯಾಕ್ಕೆ ಔಷಧಿ. ಹುಳುಕು ಹಲ್ಲು ಕೀಳುವುದು. ಲೈಂಗಿಕ ರೋಗಗಳಿಗೆ ಚಿಕಿತ್ಸೆ. ಬಸುರಿಯರ ತಪಾಸಣೆ. ಹಲ್ಲುಜ್ಜುವುದು ಹೇಗೆ, ನೀರು ಕಾಯಿಸುವುದು ಯಾಕೆ ಅನ್ನೋ ಪಾಠ. ಡಾಕ್ಟರನ್ನು ಜೀವಮಾನದಲ್ಲೇ ಮೊದಲ ಸಲ ನೋಡುತ್ತಿದ್ದವರು ಆ ಸಾಲಿನಲ್ಲಿ ಎಷ್ಟೋ ಮಂದಿ.

ಮುಂದಿನ ವರ್ಷಗಳಲ್ಲಿ ಕೆಲಸ ಬೊಲಿವರ್ ಕೌಂಟಿಗೆ ಹೋಯಿತು. ಅಲ್ಲಿ ಮೌಂಡ್ ಬೇಯೂ ಅಂತ ಒಂದು ಊರು, 1887ರಲ್ಲಿ ಗುಲಾಮಗಿರಿಯಿಂದ ಹೊರಬಂದವರೇ ಕಟ್ಟಿಕೊಂಡದ್ದು. ಪ್ರತಿ ಬೇಸಿಗೆಯಲ್ಲಿ ಕೆಲವು ವಾರ, 1935ರಿಂದ 1942ರವರೆಗೆ. ಲಸಿಕೆ ಪಡೆದ ಮಕ್ಕಳೇ 10,000ಕ್ಕೂ ಹೆಚ್ಚು. ಅಮೆರಿಕದ ಸರ್ಜನ್ ಜನರಲ್ ಥಾಮಸ್ ಪಾರನ್ ಈ ಕೆಲಸವನ್ನು ಮೆಚ್ಚಿ ಮಾತಾಡಿದರು. ಇದರ ಖರ್ಚು ಹೊತ್ತದ್ದು ಸಂಘದ ಸದಸ್ಯೆಯರ ಚಂದಾ ಹಣ. ಅವರಲ್ಲಿ ಬಹುಪಾಲು ಮಂದಿ ಶಾಲಾ ಶಿಕ್ಷಕಿಯರು.

ಹತ್ತಿ ಗಿಡ ಹೊಸ್ತಿಲ ತನಕ

ಇಷ್ಟಕ್ಕೇ ನಿಲ್ಲಿಸಿದರೆ ಇದು ಒಂದು ಒಳ್ಳೆಯ ಸೇವೆಯ ಕತೆ. ಆದರೆ ಫೆರೆಬಿ ಸೂಜಿ ಹಾಕುವುದರ ಜತೆ ಮನೆಗಳ ಒಳಗನ್ನೂ ನೋಡುತ್ತಿದ್ದರು.

ಪೆಲ್ಲಾಗ್ರ ಅನ್ನೋ ಕಾಯಿಲೆ ಅಲ್ಲಿ ಮನೆಮಾತು. ಚರ್ಮ ಸುಲಿಯುತ್ತೆ, ಭೇದಿ ಹತ್ತುತ್ತೆ, ಕೊನೆಗೆ ಬುದ್ಧಿ ಕೆಡುತ್ತೆ. ಇದು ಸೋಂಕಲ್ಲ, ಊಟದ ಕೊರತೆ ಅಂತ ಡಾ. ಜೋಸೆಫ್ ಗೋಲ್ಡ್‌ಬರ್ಗರ್ 1915ರಲ್ಲೇ ಇದೇ ಮಿಸಿಸಿಪ್ಪಿಯ ಜೈಲು ಕೈದಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದ್ದರು. ಇಪ್ಪತ್ತು ವರ್ಷ ಕಳೆದರೂ ಕಾಯಿಲೆ ಹೋಗಿರಲಿಲ್ಲ. ಯಾಕೆ? ಕೋರು ರೈತರ ಊಟ ಅಂದರೆ ಮೆಕ್ಕೆಜೋಳದ ರೊಟ್ಟಿ, ಕಾಕಂಬಿ, ಉಪ್ಪು ಹಾಕಿದ ಹಂದಿ ಕೊಬ್ಬು. ತರಕಾರಿ ಇಲ್ಲ, ಹಾಲಿಲ್ಲ. ತರಕಾರಿ ಬೆಳೆದುಕೊಳ್ಳೋಣ ಅಂದರೆ ಧಣಿಗೆ ಒಂದಡಿ ನೆಲವೂ ಹತ್ತಿಗೇ ಬೇಕು. ಹತ್ತಿ ಗಿಡ ಗುಡಿಸಲಿನ ಹೊಸ್ತಿಲ ತನಕ ಬಂದಿರುತ್ತಿತ್ತು.

ಅಂದ್ರೆ ರೋಗದ ಬೇರು ರಕ್ತದಲ್ಲಿರಲಿಲ್ಲ, ಗೇಣಿಯ ಕರಾರಿನಲ್ಲಿತ್ತು. ಡಿಫ್ತೀರಿಯಾಕ್ಕೆ ಲಸಿಕೆ ಇದೆ, ಗೇಣಿಗೆ ಯಾವ ಲಸಿಕೆ? ಈ ಜನರ ಕಾಯಿಲೆಯ ಮೂಲ ಬಡತನದಲ್ಲಿ, ಪ್ಲಾಂಟೇಷನ್ ಪದ್ಧತಿಯಲ್ಲಿ ಇದೆ ಅನ್ನೋ ತೀರ್ಮಾನಕ್ಕೆ ಫೆರೆಬಿ ಮತ್ತು ಅವರ ತಂಡ ಬಂದದ್ದು ಹೀಗೆ.

ಈ ಯೋಜನೆಯ ಮಿತಿಯೂ ಇಲ್ಲೇ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಹೊಲಕ್ಕೆ ಕಾಲಿಡಲು ಧಣಿಯ ಅನುಮತಿ ಬೇಕಿತ್ತು. ಅನುಮತಿ ಉಳಿಯಬೇಕಾದರೆ ಕೂಲಿ, ಲೆಕ್ಕ, ಮತದಾನ ಇವುಗಳ ಬಗ್ಗೆ ತುಟಿ ಬಿಚ್ಚುವಂತಿಲ್ಲ. ಆಳು ಆರೋಗ್ಯವಾಗಿದ್ದರೆ ಧಣಿಗೂ ಲಾಭವೇ. ರೋಗಿಯನ್ನು ಗುಣಪಡಿಸಿ, ರೋಗ ಹುಟ್ಟಿಸುವ ಪದ್ಧತಿಯ ಬಗ್ಗೆ ಸುಮ್ಮನಿದ್ದರೆ ಅದು ಆ ಪದ್ಧತಿಗೆ ಎಣ್ಣೆ ಬಿಟ್ಟ ಹಾಗಲ್ಲವೇ ಅಂತ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆದರೆ ಡಿಫ್ತೀರಿಯಾ ಬಂದ ಮಗುವಿಗೆ ಕ್ರಾಂತಿಯ ತನಕ ಕಾಯುವಷ್ಟು ಪುರುಸೊತ್ತು ಇರುವುದಿಲ್ಲ ಅನ್ನೋದೂ ಅಷ್ಟೇ ನಿಜ. ಫೆರೆಬಿ ಈ ಎರಡರ ನಡುವೆ ಸಿಕ್ಕಿಕೊಂಡಿದ್ದರು.

1942ರಲ್ಲಿ ಯೋಜನೆ ನಿಂತಿತು. ಯುದ್ಧಕಾಲ, ಪೆಟ್ರೋಲು ಮತ್ತು ಟೈರಿಗೆ ರೇಷನ್. ಕಾರಿಲ್ಲದೆ ಕ್ಲಿನಿಕ್ ಇಲ್ಲ. ಸ್ವಯಂಸೇವೆಯ ಮೇಲೆ ನಿಂತ ಕೆಲಸ ಎಷ್ಟು ತೆಳುವಾದ ದಾರದಲ್ಲಿ ನೇತಾಡುತ್ತೆ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಮೇಜಿನಿಂದ ಸಂಸತ್ತಿನವರೆಗೆ

ಆಲ್ಫಾ ಕಪ್ಪಾ ಆಲ್ಫಾ ಕ್ಲಿನಿಕ್ಕಿಗೇ ನಿಂತಿದ್ದರೆ ಫ್ರೇಜಿಯರ್ ಮಾತು ಅರ್ಧ ಗೆದ್ದಿರುತ್ತಿತ್ತು. ಆದರೆ 1938ರಲ್ಲೇ ಸಂಘ ಇನ್ನೊಂದು ಕೆಲಸಕ್ಕೆ ಕೈ ಹಾಕಿತ್ತು. 20 ಸ್ಥಾಪಕಿಯರಲ್ಲಿ ಒಬ್ಬರಾದ ನಾರ್ಮಾ ಬಾಯ್ಡ್ ಮುಂದಾಳತ್ವದಲ್ಲಿ ವಾಷಿಂಗ್ಟನ್‌ನಲ್ಲಿ ಪೂರ್ಣಾವಧಿ ಲಾಬಿ ಕಚೇರಿ ತೆರೆಯಿತು. ಯಾವ ಮಸೂದೆ ಬಂದರೂ ಕಪ್ಪು ಜನರಿಗೆ ಅದರಿಂದ ಏನಾಗುತ್ತೆ ಅಂತ ಓದುವುದು, ಸಂಸದರ ಬೆನ್ನು ಹತ್ತುವುದು ಅದರ ಕೆಲಸ. ಅಮೆರಿಕದ ಸಂಸತ್ತಿನ ಮುಂದೆ ಅಲ್ಪಸಂಖ್ಯಾತರ ಹಕ್ಕಿಗಾಗಿ ನಿಂತ ಮೊದಲ ಪೂರ್ಣಾವಧಿ ಲಾಬಿ ಅಂತ ಇದಕ್ಕೆ ಹೆಸರಿದೆ. 1939ರಿಂದ 1941ರವರೆಗೆ ಸಂಘದ ರಾಷ್ಟ್ರೀಯ ಅಧ್ಯಕ್ಷೆಯಾಗಿದ್ದವರು ಫೆರೆಬಿ. ಒಂದು ಕಡೆ ಹತ್ತಿ ಹೊಲದ ಮೇಜು, ಇನ್ನೊಂದು ಕಡೆ ಸಂಸತ್ತಿನ ಮೊಗಸಾಲೆ. ಎರಡೂ ಅವರ ಕಾಲದಲ್ಲಿ ಒಟ್ಟಿಗೆ ನಡೆದವು.

1948ರಲ್ಲಿ ಕಪ್ಪು ಸೊರೋರಿಟಿಗಳೂ ಫ್ರಟರ್ನಿಟಿಗಳೂ ಸೇರಿ ಮಾನವ ಹಕ್ಕುಗಳಿಗಾಗಿ ಒಂದು ಜಂಟಿ ಮಂಡಳಿಯನ್ನೇ ಮಾಡಿಕೊಂಡವು. ಮುನಿಸಿಕೊಂಡು ಬೇರೆ ಮನೆ ಮಾಡಿದ ತಂಗಿ ಡೆಲ್ಟಾ ಕೂಡ ಅದರಲ್ಲಿತ್ತು. 1913ರ ಜಗಳಕ್ಕೆ ಹೀಗೊಂದು ಉತ್ತರ ಸಿಕ್ಕಿತು ಅನ್ನಬಹುದು. ಸೇವೆಯೋ ಹಕ್ಕೋ ಅನ್ನೋ ಆಯ್ಕೆಯೇ ಸುಳ್ಳು. ಸೇವೆಗೆ ಅಂತ ಸಾಕಷ್ಟು ಹತ್ತಿರ ಹೋದವರಿಗೆ ಹಕ್ಕಿನ ಪ್ರಶ್ನೆ ಕಾಣದೇ ಇರುವುದಿಲ್ಲ.

1949ರಲ್ಲಿ ಫೆರೆಬಿ ನ್ಯಾಷನಲ್ ಕೌನ್ಸಿಲ್ ಆಫ್ ನೀಗ್ರೋ ವಿಮೆನ್ ಸಂಸ್ಥೆಯ ಅಧ್ಯಕ್ಷೆಯಾದರು. ಮೇರಿ ಮೆಕ್ಲಿಯೋಡ್ ಬೆಥ್ಯೂನ್ 1935ರಲ್ಲಿ ಕಟ್ಟಿದ, ಕಪ್ಪು ಮಹಿಳಾ ಸಂಘಗಳ ದೊಡ್ಡ ಒಕ್ಕೂಟ ಅದು. ಅದೇ ವರ್ಷದಿಂದ 1968ರವರೆಗೆ ಹೊವಾರ್ಡ್‌ನ ಆರೋಗ್ಯ ಸೇವೆಯ ನಿರ್ದೇಶಕಿ. ಹೊರಗೆ ಏರುತ್ತಿದ್ದ ಹೊತ್ತಿನಲ್ಲೇ ಮನೆ ಕುಸಿಯುತ್ತಿತ್ತು. ಅವಳಿಗಳಲ್ಲಿ ಮಗಳು 18ರ ಹರೆಯದಲ್ಲೇ ತೀರಿಕೊಂಡಳು. ದಾಂಪತ್ಯವೂ ಉಳಿಯಲಿಲ್ಲ. ಎಷ್ಟೋ ತಾಯಂದಿರ ಮಕ್ಕಳನ್ನು ಉಳಿಸಿದ ವೈದ್ಯೆಯ ಬದುಕಿನಲ್ಲಿ ಈ ಖಾಲಿ ಜಾಗ ಇತ್ತು ಅನ್ನೋದನ್ನು ಮರೆತು ಅವರನ್ನು ಬರೀ ಪ್ರತಿಮೆ ಮಾಡಬಾರದು.

1963ರ ಅಕ್ಟೋಬರ್‌ನಲ್ಲಿ, 65ರ ಹೊಸ್ತಿಲಲ್ಲಿ, ಮತ್ತೆ ದಕ್ಷಿಣಕ್ಕೆ ಹೊರಟರು. ಅಲಬಾಮಾದ ಸೆಲ್ಮಾದಲ್ಲಿ ಮತದಾನದ ಹಕ್ಕಿಗಾಗಿ ಬೀದಿಗಿಳಿದ ಮಕ್ಕಳನ್ನೂ ಯುವಜನರನ್ನೂ ಜೈಲಿಗೆ ಹಾಕಿದ್ದರು. ಅವರನ್ನು ಹೇಗೆ ನಡೆಸಿಕೊಂಡರು ಅಂತ ತಿಳಿಯಲು ಹೋದ ನಾಲ್ವರು ಮಹಿಳೆಯರಲ್ಲಿ ಇಬ್ಬರು ಕಪ್ಪು, ಇಬ್ಬರು ಬಿಳಿ. ಕಪ್ಪು ಮಹಿಳೆಯರಲ್ಲಿ ಒಬ್ಬರು ಫೆರೆಬಿ, ಇನ್ನೊಬ್ಬರು ಡೆಲ್ಟಾ ಸಿಗ್ಮಾ ಥೀಟಾದ ಅಧ್ಯಕ್ಷೆಯಾಗಿದ್ದ ಡೊರೊತಿ ಹೈಟ್. ಜೈಲಿನಲ್ಲಿ ಏನು ತಿನ್ನಲು ಕೊಟ್ಟರು, ಎಲ್ಲಿ ಮಲಗಿಸಿದರು ಅಂತ ಮಕ್ಕಳಿಂದ ಕೇಳಿ ತಿಳಿದರು. ಹೊಲದಲ್ಲಿ ಮೇಸ್ತ್ರಿಯ ಮುಂದೆ ಕೇಳಲಾಗದ ಪ್ರಶ್ನೆಗಳನ್ನು ಈ ಸಲ ಕೇಳುವುದಕ್ಕೇ ಹೋಗಿದ್ದರು.

ಮೌಂಡ್ ಬೇಯೂಗೆ ಬಂದ ಟಫ್ಟ್ಸ್

ಒಂದು ವಿಷಯ ಹೇಳದಿದ್ದರೆ ಈ ಕತೆ ಮುಗಿಯಲ್ಲ. 1967ರಲ್ಲಿ ಬೊಲಿವರ್ ಕೌಂಟಿಯ ಅದೇ ಮೌಂಡ್ ಬೇಯೂನಲ್ಲಿ ಸರ್ಕಾರದ ದುಡ್ಡಿನಿಂದ ಒಂದು ಸಮುದಾಯ ಆರೋಗ್ಯ ಕೇಂದ್ರ ಬಾಗಿಲು ತೆರೆಯಿತು. ಕಟ್ಟಿದ್ದು ಟಫ್ಟ್ಸ್ ವಿಶ್ವವಿದ್ಯಾಲಯ. ಹೌದು, ಫೆರೆಬಿ ಓದಿದ ಟಫ್ಟ್ಸ್. ಅಲ್ಲಿನ ಡಾ. ಜ್ಯಾಕ್ ಗೈಗರ್ ಮತ್ತವರ ತಂಡ ಹಸಿದ ಮಕ್ಕಳಿಗೆ ಔಷಧಿ ಚೀಟಿಯಲ್ಲಿ ಊಟವನ್ನೇ ಬರೆದುಕೊಟ್ಟರು. ದಿನಸಿ ಅಂಗಡಿಯ ಬಿಲ್ಲನ್ನು ಕೇಂದ್ರದ ಔಷಧಿ ಲೆಕ್ಕದಿಂದ ಕೊಟ್ಟರು. ಬಡವರೇ ಸೇರಿ ತರಕಾರಿ ಬೆಳೆಯುವ ಸಹಕಾರಿ ಫಾರ್ಮ್ ಶುರುವಾಯಿತು. ಹೊಸ್ತಿಲ ತನಕ ಬಂದಿದ್ದ ಹತ್ತಿ ಗಿಡಕ್ಕೆ ಅದೇ ಉತ್ತರ. ಇವತ್ತು ಅಮೆರಿಕದಾದ್ಯಂತ ಕೋಟ್ಯಂತರ ಬಡವರು ನೆಚ್ಚಿಕೊಂಡಿರುವ ಸಮುದಾಯ ಆರೋಗ್ಯ ಕೇಂದ್ರಗಳ ಮೊದಲ ಮಾದರಿಗಳಲ್ಲಿ ಅದೂ ಒಂದು.

ಚಂದಾ ಎತ್ತಿ, ರಜೆ ಹಾಕಿ, ಸ್ವಂತ ಕಾರಿನಲ್ಲಿ ಹೋಗಿ ಶಿಕ್ಷಕಿಯರು ಬೇಸಿಗೆಯಲ್ಲಿ ಮಾಡುತ್ತಿದ್ದ ಕೆಲಸ ಕಾಲು ಶತಮಾನದ ನಂತರ ಸರ್ಕಾರದ ಕರ್ತವ್ಯವಾಗಿ, ವರ್ಷಪೂರ್ತಿ ನಡೆಯತೊಡಗಿತು. ಸೇವೆ ಹಕ್ಕಾಗಿ ಬದಲಾಗುವುದು ಅಂದರೆ ಇದೇ.

ಡಾ. ಡೊರೊತಿ ಫೆರೆಬಿ 1980ರ ಸೆಪ್ಟೆಂಬರ್ 14ರಂದು ವಾಷಿಂಗ್ಟನ್‌ನಲ್ಲಿ ತೀರಿಕೊಂಡರು. 82 ತುಂಬಲು ಇನ್ನು ಕೆಲವೇ ವಾರವಿತ್ತು. ಅವರು ಸೇರಿದ್ದ ಸಂಘ ಇವತ್ತು ಲಕ್ಷಾಂತರ ಸದಸ್ಯೆಯರದ್ದು. ಅದರ ಸಭೆಗೆ 2024ರಲ್ಲಿ ದೇಶದ ಆಗಿನ ಉಪಾಧ್ಯಕ್ಷೆಯೇ ಹೋಗಿ ನಿಂತರು. ಮುತ್ತಿನ ಸರ, ಗುಲಾಬಿ, ತಿಳಿಹಸಿರು ಬರೀ ಅಂತಸ್ತಿನ ಗುರುತಾ ಅಂತ ಕೇಳುವವರು ಕೇಳುತ್ತಲೇ ಇರಬೇಕು. ಆ ಪ್ರಶ್ನೆ ಯಾವ ಸಂಘಕ್ಕೂ ಒಳ್ಳೆಯದೇ. ಆದರೆ ಉತ್ತರ ಹುಡುಕುವವರು ಸಭಾಂಗಣದ ಕಡೆ ನೋಡುವುದು ಬೇಡ. ಹೊಲದ ಅಂಚಿನಲ್ಲಿ ಹಾಕಿದ ಆ ಮಡಚುವ ಮೇಜಿನ ಕಡೆ, ಅದರ ಮುಂದೆ ತೋಳು ಮಡಚಿ ನಿಂತ ಮಕ್ಕಳ ಸಾಲಿನ ಕಡೆ ನೋಡಲಿ.